ಉಪ್ಪು ಇಲ್ಲಿಗೆ ಹೇಗೆ ಬಂತು?

ಕಾದಂಬರಿಗೆ ವಿಮರ್ಶಕರಿದ್ದಾರೆ, ಸಿನಿಮಾಗಿದ್ದಾರೆ, ದರ್ಶಿನಿ ಹೋಟೆಲಿನ ದೋಸೆಗೂ ಇದ್ದಾರೆ. ಆದರೆ ದಿನಬೆಳಗಾದರೆ ಫೋನಿಗೆ ಬಂದು ಬೀಳುವ ‘ಮನೆಯಲ್ಲೇ ಮಾಡಿ ನೋಡಿ’ ಸಾಹಿತ್ಯವನ್ನು ಕೇಳುವವರಿಲ್ಲ. ನಾವು ಅತಿ ಹೆಚ್ಚು ಓದುವುದು, ನಂಬುವುದು, ಹಂಚುವುದು ಇದನ್ನೇ. ಹಾಗಾಗಿ ಈ ಸಲ ಒಂದು ಪಾಕವನ್ನೇ ಕೃತಿ ಅಂತ ಹಿಡಿದು ಓದ್ತೀನಿ. ಡಿಶ್‌ವಾಷರಿಗೆ ಮನೆಯಲ್ಲೇ ಮಾಡಿಕೊಳ್ಳುವ ಪುಡಿ.

2020ರ ಲಾಕ್‌ಡೌನಿನಲ್ಲಿ ಮನೆಕೆಲಸದವರು ಬರೋದು ನಿಂತಾಗ ನಮ್ಮಂಥ ಎಷ್ಟೋ ಮನೆಗಳಿಗೆ ಈ ಯಂತ್ರ ಬಂತು. ಯಂತ್ರದ ಹಿಂದೆಯೇ ಅದರ ಖರ್ಚೂ ಬಂತು. ಒಂದು ಟ್ಯಾಬ್ಲೆಟ್ಟಿಗೆ 15–20 ರೂಪಾಯಿ, ದಿನಕ್ಕೊಂದು, ಕೆಲವರ ಮನೇಲಿ ಎರಡು. ಖರ್ಚಿನ ಹಿಂದೆ ಪಾಕ. ಅದರ ಮೂಲರೂಪ ಹೆಚ್ಚುಕಡಿಮೆ ಹೀಗೆ: ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ, ಒಂದು ಕಪ್, ಬಿಳಿಗಾರ, ಅಂದರೆ ಬೋರಾಕ್ಸ್, ಒಂದು ಕಪ್, ಸಿಟ್ರಿಕ್ ಆಸಿಡ್ ಅರ್ಧ ಕಪ್, ಉಪ್ಪು ಅರ್ಧ ಕಪ್. ಚೆನ್ನಾಗಿ ಬೆರೆಸಿ ಗಾಜಿನ ಬಾಟಲಿಗೆ ತುಂಬಿ. ಪ್ರತಿ ಸಲಕ್ಕೆ ಒಂದು ದೊಡ್ಡ ಚಮಚ. ಕೆಮಿಕಲ್ ಇಲ್ಲವೇ ಇಲ್ಲ!

ಇದರ ಹುಟ್ಟೂರು ಅಮೆರಿಕ ಅನ್ನೋದಕ್ಕೆ ಒಳಗೇ ಸಾಕ್ಷಿ ಇದೆ. ಬಟ್ಟೆ ಒಗೆಯುವ ಸಾಮಾನಿನ ಸಾಲಲ್ಲಿ ಬೋರಾಕ್ಸ್ ಡಬ್ಬಿ ಸಲೀಸಾಗಿ ಸಿಗುವ ದೇಶ ಅದು. ಅಲ್ಲಿನ ಹಳೆಯ ಪಾಠಗಳಲ್ಲಿ ಸಿಟ್ರಿಕ್ ಆಸಿಡ್ ಬದಲು ಸಕ್ಕರೆ ಹಾಕದ ನಿಂಬೆ ಪಾನಕದ ಪುಡಿಯ ಪೊಟ್ಟಣ ಬರುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಕೆಲವರು ಅದನ್ನು ನಿಂಬೆರಸ ಮಾಡಿದ್ದಾರೆ (ಪುಡಿಗೆ ರಸ!), ಕೆಲವರು ಬಟ್ಟೆ ಸೋಡಾ ಬಿಟ್ಟು ಅಡುಗೆ ಸೋಡಾ ಹಾಕಿದ್ದಾರೆ. ಎರಡರಲ್ಲೂ ಸೋಡಾ ಅನ್ನೋ ಪದ ಇದೆ ಅನ್ನೋದು ಬಿಟ್ಟರೆ ಜಿಡ್ಡು ತೆಗೆಯೋ ಶಕ್ತಿಯಲ್ಲಿ ಅಜಗಜಾಂತರ. ಬಟ್ಟೆ ಸೋಡಾದ ನೀರಿನ ಪಿಎಚ್ 11ರ ಹತ್ತಿರ, ಅಡುಗೆ ಸೋಡಾದ್ದು 8ರ ಆಸುಪಾಸು.

ನನ್ನ ಕುತೂಹಲ ಕೆರಳಿಸಿದ್ದು ಮಾತ್ರ ಉಪ್ಪು. ಹಳಗನ್ನಡ ಓದಿದವರಿಗೆ ಗೊತ್ತು: ಓಲೆಗರಿಯ ಲಿಪಿಕಾರನೊಬ್ಬ ಒಂದು ಕಡೆ ಕೈತಪ್ಪಿದರೆ ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಅದೇ ತಪ್ಪು ಇಳಿಯುತ್ತದೆ. ಗ್ರಂಥಸಂಪಾದಕರು ಅಂಥ ತಪ್ಪು ಹಿಡಿದೇ ಯಾವ ಪ್ರತಿ ಯಾವುದರ ಮಗು ಅಂತ ಪತ್ತೆ ಮಾಡುವುದು. ಈ ಪಾಕದ ಉಪ್ಪು ಅಂಥದ್ದೇ ಪಾಠದೋಷ ಅನ್ನೋದು ನನ್ನ ಊಹೆ. ಡಿಶ್‌ವಾಷರಿಗೂ ಉಪ್ಪಿಗೂ ಸಂಬಂಧ ಇರೋದು ನಿಜ. ಯಂತ್ರದ ತಳದಲ್ಲಿ ಒಂದು ಮುಚ್ಚಳ ಇದೆಯಲ್ಲ, ಅದರೊಳಗೆ ಉಪ್ಪು ಸುರೀತೀವಿ. ಅಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಅವು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ಭರ್ತಿಯಾದ ಮೇಲೆ ಉಪ್ಪುನೀರು ಹಾಯಿಸಿ ಅವನ್ನು ಮತ್ತೆ ಖಾಲಿ ಮಾಡಬೇಕು. ಉಪ್ಪಿನ ಕೆಲಸ ಅಷ್ಟೇ. ಆ ಉಪ್ಪುನೀರು ಪಾತ್ರೆಗೆ ತಾಗದೆ ನೇರ ಚರಂಡಿಗೆ ಹೋಗುತ್ತದೆ. ‘ಡಿಶ್‌ವಾಷರಿಗೆ ಉಪ್ಪು ಬೇಕು’ ಅಂತ ಕೇಳಿಸಿಕೊಂಡ ಯಾರೋ ಅದನ್ನು ತಳದ ಡಬ್ಬಿಯಿಂದ ಎತ್ತಿ ಪುಡಿಗೆ ಸೇರಿಸಿರಬೇಕು. ಪುಡಿಯಲ್ಲಿ ಕೂತ ಉಪ್ಪು ನೀರನ್ನು ಮೆದು ಮಾಡೋದಿಲ್ಲ. ಹೆಚ್ಚೆಂದರೆ ಸ್ಟೀಲಿನ ಚಾಕು ಚಮಚಗಳ ಮೇಲೆ ತುಕ್ಕಿನ ಚುಕ್ಕೆ ಬರೋಕೆ ನೆರವಾಗುತ್ತೆ. ನಾನು ನೋಡಿದ ಪ್ರತಿಗಳಲ್ಲಿ ಉಪ್ಪನ್ನು ಕೈಬಿಟ್ಟದ್ದು ಒಂದೂ ಇಲ್ಲ.

ಇನ್ನು ಸೋಡಾ ಮತ್ತು ಸಿಟ್ರಿಕ್ ಆಸಿಡ್. ಒಂದು ಕ್ಷಾರ, ಇನ್ನೊಂದು ಹುಳಿ. ನೀರು ಸೋಕಿದ ಕೂಡಲೇ ನೊರೆಯೆದ್ದು ಪರಸ್ಪರ ತಣಿಸಿಕೊಳ್ಳುತ್ತವೆ. ತೂಕದಲ್ಲಿ ಎರಡು ಪಾಲು ಸೋಡಾಕ್ಕೆ ಒಂದು ಪಾಲು ಸಿಟ್ರಿಕ್ ಆಸಿಡ್ ಹಾಕಿದರೆ ಸೋಡಾದ ಸುಮಾರು ಶೇ. 40ರಷ್ಟು ಆ ಹುಳಿಯನ್ನು ತಣಿಸುವುದಕ್ಕೇ ಖರ್ಚು. ಮಳೆಗಾಲದಲ್ಲಿ ಬಾಟಲಿಯೊಳಗೇ ಇದು ಶುರುವಾಗಿ ಪುಡಿ ಕಲ್ಲಾಗುತ್ತೆ. ಅದಕ್ಕೇ ಎಲ್ಲ ಪ್ರತಿಗಳ ಕೊನೆಯಲ್ಲೂ ‘ಗಂಟು ಕಟ್ಟಿದರೆ ಕುಟ್ಟಿ ಬಳಸಿ’ ಅನ್ನೋ ಸಾಲು. ಹಾಗಂತ ಇದು ಪೂರ್ತಿ ದಂಡವೂ ಅಲ್ಲ. ಈ ಜಗಳದಲ್ಲಿ ಹುಟ್ಟುವ ಸೋಡಿಯಂ ಸಿಟ್ರೇಟ್ ನೀರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಫಾಸ್ಫೇಟ್ ಇಲ್ಲದ ಎಷ್ಟೋ ಅಂಗಡಿ ಪುಡಿಗಳಲ್ಲೂ ಅದೇ ಇರೋದು. ಇಡೀ ಪಾಕದಲ್ಲಿ ಇದೊಂದೇ ಜಾಣ ಸಾಲು. ಆದರೆ ಪಾಕಕ್ಕೆ ಅದು ಗೊತ್ತಿಲ್ಲ. ‘ನಿಂಬೆಯ ತಾಜಾತನ’ ಅಂದುಬಿಟ್ಟು ಮುಂದೆ ಹೋಗುತ್ತದೆ.

ವಿಮರ್ಶೆ ಅಂದ ಮೇಲೆ ಕೃತಿ ಓದಬೇಕು, ಪಾಕವಾದರೆ ಮಾಡಿ ನೋಡಬೇಕು. ಕಾವೇರಿ ನೀರು ಬರುವ ನಮ್ಮ ಮನೆಯಲ್ಲಿ ಎರಡು ವಾರ ಓಡಿಸಿದೆ. ಅದೇ ಬಾಟಲಿಯ ಅರ್ಧ ಪುಡಿಯನ್ನು ಸರ್ಜಾಪುರ ರಸ್ತೆಯಲ್ಲಿರುವ ಅಕ್ಕನಿಗೆ ಕೊಟ್ಟೆ. ಅಲ್ಲಿ ಬೋರ್‌ವೆಲ್, ಅದು ಬತ್ತಿದ ದಿನ ಟ್ಯಾಂಕರ್. ನಮ್ಮಲ್ಲಿ ತಟ್ಟೆ ಲೋಟ ಪರವಾಗಿಲ್ಲ ಅನ್ನಿಸಿತು. ಸಾರಿನ ಪಾತ್ರೆ ಚೊಕ್ಕ. ಆದರೆ ಇಡ್ಲಿ ತಟ್ಟೆಯ ಗುಳಿಯಲ್ಲಿ ಒಣಗಿದ ಹಿಟ್ಟು, ಹಾಲಿನ ಪಾತ್ರೆಯ ತಳದ ಕೆನೆ, ಮೊಟ್ಟೆ ತಿಂದ ತಟ್ಟೆ, ಕಾಫಿ ಲೋಟದ ಕಂದು ಬಳೆ ಎಲ್ಲ ಇದ್ದಲ್ಲೇ ಇದ್ದವು. ಅಕ್ಕನ ಫೋನ್ ನಾಲ್ಕನೇ ದಿನಕ್ಕೇ ಬಂತು. “ಲೋ, ಗಾಜಿನ ಲೋಟಕ್ಕೆಲ್ಲ ಸುಣ್ಣ ಬಳಿದಂಗಾಗಿದೆ ಕಣೋ. ನಿಮ್ಮ ಭಾವ ಮಜ್ಜಿಗೆ ಕುಡಿದ ಲೋಟ ತೊಳೆದಿಲ್ವಾ ಅಂತಾರೆ.”

ಅಕ್ಕ ಉಪಮೆಗೆ ಹೇಳಿದ್ದು ಹೆಚ್ಚುಕಡಿಮೆ ವಾಸ್ತವ. ಬಟ್ಟೆ ಸೋಡಾ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿದರೆ ಹುಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ಪುಡಿ. ಅದು ಹೋಗಿ ಗಾಜಿನ ಮೇಲೆ ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಣೀಯ ಮಿತಿ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರ ದೊಡ್ಡದು. ಒಂದೇ ಪುಡಿ ಒಂದು ಮನೇಲಿ ಪವಾಡ, ಇನ್ನೊಂದು ಮನೇಲಿ ಸುಣ್ಣ ಆಗೋದಕ್ಕೆ ಇದೇ ಕಾರಣ. ಆದರೂ ನೀರು ಎಲ್ಲಿಯದು ಅಂತ ಪಾಕ ಕೇಳುವುದೇ ಇಲ್ಲ. ಯಂತ್ರದ ಮೆದುಕಾರಕವನ್ನು ನೀರಿಗೆ ತಕ್ಕಂತೆ ತಿರುಗಿಸಿಕೊಳ್ಳಬಹುದು ನಿಜ. ಇವತ್ತು ಬೋರ್‌ವೆಲ್ಲು, ನಾಳೆ ಯಾವುದೋ ಊರಿನ ಟ್ಯಾಂಕರು ಅನ್ನೋ ಬೆಂಗಳೂರಿನಲ್ಲಿ ಯಾವ ಅಂಕಿಗೆ ಅಂತ ತಿರುಗಿಸೋದು?

ಇಡ್ಲಿ ಹಿಟ್ಟು ಯಾಕೆ ಹೋಗಲಿಲ್ಲ ಅನ್ನೋದು ಇನ್ನೂ ಮುಖ್ಯ. ‘ನಮ್ಮ ಅಜ್ಜಿ ಬೂದಿ ಹುಣಸೆಹಣ್ಣಲ್ಲೇ ತೊಳೀತಿದ್ರು’ ಅಂತ ಈ ಸಾಹಿತ್ಯ ಎದೆ ತಟ್ಟಿಕೊಳ್ಳುತ್ತದೆ. ಸರಿ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟು ಬಟ್ಟೆ ಸೋಡಾದ ದಾಯಾದಿಯೇ. ಆದರೆ ತೊಳೀತಿದ್ದಿದ್ದು ಬೂದಿ ಮಾತ್ರ ಅಲ್ಲವಲ್ಲ, ತೆಂಗಿನ ನಾರು ಹಿಡಿದ ಅಜ್ಜಿಯ ಕೈ. 1959ರಲ್ಲಿ ಹರ್ಬರ್ಟ್ ಸಿನ್ನರ್ ಅನ್ನೋ ಜರ್ಮನ್ ರಸಾಯನ ತಜ್ಞ ತೊಳೆಯುವ ಕೆಲಸವನ್ನು ನಾಲ್ಕು ಪಾಲು ಮಾಡಿ ತೋರಿಸಿದ: ರಸಾಯನ, ಶಾಖ, ಸಮಯ, ಉಜ್ಜುವಿಕೆ. ಒಂದು ಕಮ್ಮಿಯಾದರೆ ಉಳಿದವು ಅದನ್ನು ತುಂಬಿಕೊಡಬೇಕು. ಡಿಶ್‌ವಾಷರಿನಲ್ಲಿ ಉಜ್ಜುವವರೇ ಇಲ್ಲ, ಬರೀ ನೀರಿನ ಚಿಮ್ಮು. ಅಜ್ಜಿಯ ಕೈ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಕಿಣ್ವಗಳು ಮಾಡುತ್ತವೆ. ಪ್ರೋಟಿಯೇಸ್ ಮೊಟ್ಟೆ, ಹಾಲಿನ ಅಂಟನ್ನು ಕತ್ತರಿಸುತ್ತದೆ, ಅಮೈಲೇಸ್ ಅನ್ನ, ಹಿಟ್ಟಿನ ಪಿಷ್ಟವನ್ನು. ಕಾಫಿ ಕಲೆಗೆ ಪರ್‌ಕಾರ್ಬೊನೇಟ್ ಬಿಡುವ ಹೈಡ್ರೋಜನ್ ಪೆರಾಕ್ಸೈಡ್. ಈ ಮೂರೂ ಮನೆಯ ಪುಡಿಯಲ್ಲಿಲ್ಲ. ಅಜ್ಜಿಯ ಬೂದಿ ತಗೊಂಡು ಅಜ್ಜಿಯ ಕೈ ಬಿಟ್ಟ ಹಾಗಾಯಿತು.

ಇದಕ್ಕೆ ನಮ್ಮ ಅಪಾರ್ಟ್‌ಮೆಂಟುಗಳ ಉತ್ತರ ಬಯೋ ಎನ್ಜೈಮ್. ಮೂರು ಪಾಲು ಹಣ್ಣಿನ ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು, ಮೂರು ತಿಂಗಳು ಹುಳಿಸಬೇಕು. ನೆಲ ಒರೆಸೋಕೆ ಚೆನ್ನಾಗಿದೆ, ಹಸಿಕಸ ಕಮ್ಮಿಯಾಗುತ್ತೆ, ನಂದೇನೂ ತಕರಾರಿಲ್ಲ. ಆದರೆ ಹೆಸರಲ್ಲಿ ಎನ್ಜೈಮ್ ಇದ್ದ ಮಾತ್ರಕ್ಕೆ ಅದು ಇಡ್ಲಿ ಹಿಟ್ಟು ಕತ್ತರಿಸೋದಿಲ್ಲ. ಅದು ಮುಖ್ಯವಾಗಿ ವಿನೆಗರಿನ ಬಳಗದ ಹುಳಿನೀರು, ಈ ಯಂತ್ರಕ್ಕೆ ಬೇಕಾದದ್ದು ಕ್ಷಾರ. ಅಂಟವಾಳದ ಕಷಾಯ ಹಾಕೋರಂತೂ ನೊರೆಯ ಲೆಕ್ಕವನ್ನೇ ಬಿಟ್ಟಿದ್ದಾರೆ. ಪಂಪು ನೀರಿನ ಬದಲು ನೊರೆ ಎಳೆದುಕೊಂಡರೆ ಚಿಮ್ಮುವ ಒತ್ತಡವೇ ಬಿದ್ದುಹೋಗುತ್ತದೆ.

ಈ ಪಾಕದ ಹಿಂದೊಂದು ನ್ಯಾಯವಾದ ಸಿಟ್ಟೂ ಇದೆ, ಅದನ್ನು ಲೇವಡಿ ಮಾಡಲಾರೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, 2015ರಲ್ಲೂ 2017ರಲ್ಲೂ ಕೆರೆಗೇ ಬೆಂಕಿ ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಬಚ್ಚಲಿಂದ ಹೋದ ಡಿಟರ್ಜೆಂಟಿಗೂ ಅದರಲ್ಲಿ ಪಾಲಿತ್ತು. ಅಮೆರಿಕದ 16 ರಾಜ್ಯಗಳು 2010ರಲ್ಲಿ, ಯುರೋಪಿಯನ್ ಒಕ್ಕೂಟ 2017ರಿಂದ ಡಿಶ್‌ವಾಷರ್ ಪುಡಿಯ ಫಾಸ್ಫೇಟಿಗೆ ಕಡಿವಾಣ ಹಾಕಿದ್ದು ಕೆರೆ-ನದಿಗಳಿಗಾಗಿಯೇ. ನನ್ನ ಅಡುಗೆಮನೆಯಲ್ಲಿರುವ ಡಬ್ಬಿಯ ಮೇಲೆ ಕಣ್ಣು ಕಿರಿದು ಮಾಡಿ ಹುಡುಕಿದರೂ ಒಳಗೇನಿದೆ ಅನ್ನೋ ಪೂರ್ತಿ ಪಟ್ಟಿ ಸಿಗಲಿಲ್ಲ. ತಯಾರಿಸುವವರು ಹೇಳದಿದ್ದಾಗ ಜನ ತಾವೇ ಮಾಡಿಕೊಳ್ಳೋಣ ಅಂದುಕೊಳ್ಳೋದು ಸಹಜ. ಆದರೆ ಆ ಸಿಟ್ಟು ತಲುಪಬೇಕಾದದ್ದು ಕಂಪನಿಗೆ, ಕಾನೂನಿಗೆ. ಪಾಕ ಅದನ್ನು ಅಲ್ಲಿಗೆ ಬಿಡದೆ ಒಂದು ಗಾಜಿನ ಬಾಟಲಿಯಲ್ಲಿ ತುಂಬಿ ಮುಚ್ಚಳ ಹಾಕಿಬಿಡುತ್ತದೆ.

ಅದೂ ಎಂಥ ಬಾಟಲಿ! ‘ಕೆಮಿಕಲ್ ಇಲ್ಲ’ ಅಂತ ಹೇಳುವ ಪುಡಿಯಲ್ಲಿ ಬಿಳಿಗಾರ ಇದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವಂಥದ್ದು, ಆಯುರ್ವೇದದ ಟಂಕಣ. ಹಳೆಯ ಪರಿಚಯದ ವಸ್ತು ಅಂದಮಾತ್ರಕ್ಕೆ ಸಾಧು ಅಲ್ಲ. ಸಂತಾನಶಕ್ತಿಗೆ ಹಾನಿ ಅನ್ನೋ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2010ರಲ್ಲಿ ಇದನ್ನು ತೀವ್ರ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿತು. ಪುಡಿ ಬೆರೆಸುವಾಗ ಗಾಳಿಗೇಳುವ ದೂಳಿನ ಬಗ್ಗೆ ಒಂದು ಮಾತಿಲ್ಲ, ಕೈಗವಸಿನ ಮಾತಿಲ್ಲ. ಬೆರೆಸಿದ್ದು ಅಡುಗೆಮನೆಯ ಚಮಚದಲ್ಲಿ, ತುಂಬಿದ್ದು ಉಪ್ಪು ಸಕ್ಕರೆ ಇಡುವಂಥದ್ದೇ ಪಾರದರ್ಶಕ ಬಾಟಲಿಯಲ್ಲಿ, ಚೆಂದ ಕಾಣಲಿ ಅಂತ ಲೇಬಲ್ಲೂ ಇಲ್ಲದೆ. ಅಡುಗೆಗೆ ಬರುವ ಹೊಸ ಅಕ್ಕ ಅದನ್ನು ಉಪ್ಪು ಅಂದುಕೊಂಡರೆ? ಮನೆಯ ಮಗು ಸಕ್ಕರೆ ಅಂದುಕೊಂಡರೆ? ಬಟ್ಟೆ ಸೋಡಾ ಬಾಯಿ, ಗಂಟಲು, ಕಣ್ಣು ಸುಡುವ ಕ್ಷಾರ. ಅಂಗಡಿಯ ಡಬ್ಬಿಗೆ ಕನಿಷ್ಠ ಅದರದೇ ಮುಖ ಇರುತ್ತದೆ, ಮಕ್ಕಳ ಕೈಗೆ ಸಿಗದಂತೆ ಇಡಿ ಅನ್ನೋ ಸಾಲಿರುತ್ತದೆ. ನನ್ನ ಮಟ್ಟಿಗೆ ಈ ಕೃತಿಯ ಕ್ಷಮಿಸಲಾಗದ ದೋಷ ಉಪ್ಪಲ್ಲ, ಇದು.

ಇನ್ನೊಂದು. ‘ಮನೆಯಲ್ಲೇ ಮಾಡಿ’ ಅಂತಾರಲ್ಲ, ಮಾಡೋದು ಯಾರು? ಪಾಕ ಮಾತಾಡಿಸೋದು ‘ಗೃಹಿಣಿಯರೇ’, ‘ಅಮ್ಮಂದಿರೇ’ ಅಂತ. ಪಾತ್ರೆ ತೊಳೆಯುವ ಕೆಲಸ ಇಳಿಸೋಕೆ ಬಂದ ಯಂತ್ರದ ಪಕ್ಕದಲ್ಲಿ ಪುಡಿ ಬೆರೆಸುವ, ಗಂಟು ಕುಟ್ಟುವ, ಲೋಟ ಮತ್ತೆ ಕೈಯಲ್ಲಿ ಉಜ್ಜುವ ಮೂರು ಹೊಸ ಕೆಲಸ ಹುಟ್ಟಿವೆ. ಉಳಿತಾಯದ ಲೆಕ್ಕದಲ್ಲಿ ಆ ಅರ್ಧ ಗಂಟೆಗೆ ಬೆಲೆಯೇ ಇಲ್ಲ.

ಉಳಿಸಲೇಬೇಕು ಅನ್ನೋರಿಗೆ ದಾರಿ ಇಲ್ಲ ಅಂತಲ್ಲ. ಟ್ಯಾಬ್ಲೆಟ್ ಬಿಟ್ಟು ಪುಡಿ ಕೊಳ್ಳಿ, ಜಿಡ್ಡು ಕಮ್ಮಿ ಇದ್ದ ದಿನ ಕಮ್ಮಿ ಹಾಕಿ. ಟ್ಯಾಬ್ಲೆಟ್ಟಿನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಎಂಜಲು ಕೆರೆದು ಹಾಕಿದರೆ ಸಾಕು, ತೊಳೆದು ಇಡಬೇಕಿಲ್ಲ. ಅಲ್ಯೂಮಿನಿಯಂ ಕುಕ್ಕರನ್ನು ಯಾವ ಪುಡಿಗೂ ಕೊಡಬೇಡಿ, ಕ್ಷಾರಕ್ಕೆ ಕಪ್ಪಾಗುತ್ತೆ. ಉಪ್ಪನ್ನು ತಳದ ಡಬ್ಬಿಗೇ ಹಾಕಿ. ಪುಡಿಗೆ ಅಂತ ತಂದ ಸಿಟ್ರಿಕ್ ಆಸಿಡ್ ಉಳಿದಿದ್ದರೆ ಸೋಡಾ ಸೇರಿಸದೆ ತಿಂಗಳಿಗೊಮ್ಮೆ ಖಾಲಿ ಯಂತ್ರಕ್ಕೆ ಹಾಕಿ ಬಿಸಿನೀರಲ್ಲಿ ಓಡಿಸಿ, ಒಳಗೆ ಕಟ್ಟಿದ ಸುಣ್ಣ ಬಿಡುತ್ತೆ. ಅಕ್ಕನ ಲೋಟಗಳಿಗೂ ಅದನ್ನೇ ಮಾಡಿದೆವು. ಹುಳಿನೀರಲ್ಲಿ ಒಂದು ಗಂಟೆ ನೆನೆಸಿ ತೆಗೆದರೆ ಹತ್ತರಲ್ಲಿ ಎಂಟು ಮೊದಲಿನ ಹಾಗಾದವು, ಎರಡು ಮಸುಕಾಗೇ ಉಳಿದವು.