ಬರದ ಕಥನಗಳಲ್ಲಿ ಕಾಡಿನ ಸ್ಥಾನ: ಬೆಳಗಾವಿ–ಖಾನಾಪುರದ ನಿದರ್ಶನ

ಬರವನ್ನು ಕುರಿತ ನಮ್ಮ ಚಿಂತನೆಯು ಬಹುಮಟ್ಟಿಗೆ ಬಯಲುಸೀಮೆಯ ಹೊಲದಲ್ಲಿ ನಿಂತು ರೂಪುಗೊಂಡುದು. ಮಳೆ ತಪ್ಪಿತು, ಬೆಳೆ ಒಣಗಿತು, ಜನ ಗುಳೆ ಹೋದರು ಎಂಬುದು ಅದರ ಚೌಕಟ್ಟು. ಈ ಚೌಕಟ್ಟು ಸುಳ್ಳಲ್ಲ, ಆದರೆ ಅಪೂರ್ಣವಾದುದು. ಸಹ್ಯಾದ್ರಿಯ ಅಂಚಿನ ಖಾನಾಪುರ ತಾಲ್ಲೂಕನ್ನೂ ನೆರೆಯ ಬೆಳಗಾವಿ ನಗರವನ್ನೂ ಒಟ್ಟಿಗಿರಿಸಿ ನೋಡಿದಾಗ ಈ ಅಪೂರ್ಣತೆ ಎದ್ದುಕಾಣುತ್ತದೆ.

1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಝೆಟಿಯರು ಈ ಜಿಲ್ಲೆಯ ಅಧ್ಯಯನಕ್ಕೆ ಇಂದಿಗೂ ಆಕರ. 1876–78ರ ಮಹಾಕ್ಷಾಮದ ನೆನಪು ಹಸಿಯಾಗಿದ್ದಾಗಲೇ ಸಿದ್ಧವಾದ ಗ್ರಂಥವದು. ಅದರಲ್ಲಿ ಕ್ಷಾಮವು ಕೃಷಿಯ ವಿಷಯ, ಅರಣ್ಯವು ಉತ್ಪನ್ನದ ವಿಷಯ. ಎರಡರ ನಡುವೆ ಸೇತುವೆಯಿಲ್ಲ. ವಸಾಹತು ಆಡಳಿತದ ಈ ವರ್ಗೀಕರಣವನ್ನು ನಾವು ಪ್ರಶ್ನಿಸದೆ ಸ್ವೀಕರಿಸಿದೆವೆನ್ನಬೇಕು.

ನಮ್ಮ ಸೃಜನಶೀಲ ಸಾಹಿತ್ಯವೂ ಇದಕ್ಕೆ ಹೊರತಲ್ಲ. ಯು. ಆರ್. ಅನಂತಮೂರ್ತಿಯವರ 'ಬರ', ಅದನ್ನಾಧರಿಸಿ ಎಂ. ಎಸ್. ಸತ್ಯು ನಿರ್ದೇಶಿಸಿದ ಚಲನಚಿತ್ರ, ಪಿ. ಸಾಯಿನಾಥರ 1996ರ ಪ್ರಸಿದ್ಧ ವರದಿಗಳು – ಇವೆಲ್ಲ ಬರದ ಹಿಂದಿನ ರಾಜಕಾರಣವನ್ನು ಬಯಲಿಗೆಳೆದವು. ಬರ ಕೇವಲ ದೈವದ ಮುನಿಸಲ್ಲವೆಂದು ಕಲಿಸಿದ್ದು ಇವುಗಳ ದೊಡ್ಡ ಕೊಡುಗೆ. ಆದರೆ ಮನುಷ್ಯ ಮತ್ತು ಅಧಿಕಾರದ ಈ ಸಂಘರ್ಷದಲ್ಲಿ ತೊರೆ, ಮಣ್ಣು, ಮರಗಳು ಹಿನ್ನೆಲೆಯಾಗಿಯೇ ಉಳಿದುವು.

ಖಾನಾಪುರದಲ್ಲಿ ಅವು ಹಿನ್ನೆಲೆಯಲ್ಲ. ಮಲಪ್ರಭೆ ಹುಟ್ಟುವುದು ಇಲ್ಲಿಯ ಕಣಕುಂಬಿಯಲ್ಲಿ. ಮಹದಾಯಿಯ ಮೂಲವೂ ಇದೇ ಕಾಡುಗಳಲ್ಲಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡವು ಬಾರಾಪೇಡೆ ಗುಹೆಯ ಅಪರೂಪದ ರೌಟನ್ ಬಾವಲಿಗೆ ಆಶ್ರಯ. ಇಲ್ಲಿ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಲ್ಲಿ ತೊರೆ ಹರಿಯುವುದು ಕಾಡಿನ ಮಣ್ಣು ಹಿಡಿದಿಟ್ಟ ನೀರಿನಿಂದ. ಆದುದರಿಂದ ಇಲ್ಲಿಯ ಬರವು ಮಳೆಗಾಲದಲ್ಲಿ ಕಾಣದೆ, ಮಾರ್ಚ್–ಮೇ ತಿಂಗಳುಗಳಲ್ಲಿ ಪ್ರಕಟವಾಗುತ್ತದೆ. ಒರತೆ ಬತ್ತಿದರೆ ಕಾಟಿಗಳು ನೀರು, ಮೇವು ಅರಸಿ ಗದ್ದೆಗಿಳಿಯುತ್ತವೆ. ಗವಳಿಗರ ಎಮ್ಮೆಗಳಿಗೆ ಹುಲ್ಲು ಸಾಲದಾಗುತ್ತದೆ. ಒಣಗಿದ ತರಗೆಲೆಗೆ ಬೆಂಕಿಯ ಭಯ. ಮಳೆಯನ್ನೇ ನಂಬಿದ ಭತ್ತದ ರೈತನೂ ಕಾಡಂಚಿನ ಪ್ರಾಣಿಯೂ ಒಂದೇ ನೀರಿಗಾಗಿ ಎದುರಾಗುತ್ತಾರೆ.

ನಗರಕ್ಕೆ ಈ ಬರ ನಲ್ಲಿಯ ಮೂಲಕ ತಲುಪುತ್ತದೆ. ಬೆಳಗಾವಿಯು ಹಿಡಕಲ್ ಜಲಾಶಯದ ಜೊತೆಗೆ ಪಶ್ಚಿಮದ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯವನ್ನೂ ಅವಲಂಬಿಸಿದೆ. 2023ರಲ್ಲಿ ಮುಂಗಾರು ತಡವಾದಾಗ ರಕ್ಕಸಕೊಪ್ಪದ ಸಂಗ್ರಹ ಕುಸಿದು ನಗರ ಆತಂಕಗೊಂಡಿತು. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು.

ಘೋಷಣೆಯ ಮಾನದಂಡವನ್ನೂ ಇಲ್ಲಿ ಪರಿಶೀಲಿಸಬೇಕು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆಯ ಕೊರತೆಯಿಂದ ಆರಂಭಿಸಿ ಮಣ್ಣಿನ ತೇವ, ಜಲಮೂಲಗಳ ಸ್ಥಿತಿಯನ್ನೂ ಪರಿಗಣಿಸುತ್ತದೆ. ಹಿಂದಿನ ಕ್ರಮಕ್ಕಿಂತ ಇದು ಮುಂದಿನ ಹೆಜ್ಜೆಯೇ ಸರಿ. ಆದರೆ ತೀವ್ರತೆಯನ್ನು ಅಂತಿಮವಾಗಿ ನಿರ್ಧರಿಸುವುದು ಹೊಲದ ಬೆಳೆಹಾನಿಯ ಪ್ರಮಾಣ. ಬೆಳೆಯಿಲ್ಲದ ಕಾಡಿನ ನಷ್ಟ ಈ ಲೆಕ್ಕಕ್ಕೆ ಬಾರದು.

ಮಹದಾಯಿ ವಿವಾದವೂ ಇದೇ ತೊಡಕನ್ನು ತೋರಿಸುತ್ತದೆ. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ತಿರುವುಗಳ ಪಾಲು 3.9. ನರಗುಂದ, ನವಲಗುಂದಗಳ ಬಾಯಾರಿಕೆ ನಿಜವಾದುದು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ನೀರನ್ನು ಕೊಡುವ ಕಾಡಿಗೂ ಬರ ಬರುತ್ತದೆಂಬುದನ್ನು ಮರೆತರೆ ಬಯಲಿನ ಬಾಯಾರಿಕೆಯೂ ತಣಿಯದು.

ಆದುದರಿಂದ ಬರದ ಅಧ್ಯಯನವು ಹೊಲದಿಂದ ಜಲಾನಯನದತ್ತ ಸರಿಯಬೇಕಾಗಿದೆ. ಕಣಕುಂಬಿಯ ಒರತೆ, ಗವಳಿಗರ ಹಟ್ಟಿ, ಬೆಳಗಾವಿಯ ನಲ್ಲಿ ಇವು ಒಂದೇ ಕಥನದ ಭಾಗಗಳು. ಅವನ್ನು ಬಿಡಿಬಿಡಿಯಾಗಿ ಓದಿದುದೇ ನಮ್ಮ ಇದುವರೆಗಿನ ಮಿತಿ.