ಶಾಸ್ತ್ರೀಯ ಸಂಗೀತವೂ ಈ ಕಾಲದ ಕಿವಿಯೂ

ಶಾಸ್ತ್ರೀಯ ಸಂಗೀತವು ಈ ಕಾಲದವರಿಗೆ ಬೇಕೇ ಎಂಬ ಪ್ರಶ್ನೆಯನ್ನು ಎತ್ತುವವರಲ್ಲಿ ಬಹುಮಂದಿ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡಿರುತ್ತಾರೆ. ಈಗಿನವರಿಗೆ ಪುರಸೊತ್ತಿಲ್ಲ, ಕೈಯಲ್ಲಿ ಮೊಬೈಲು ಹಿಡಿದ ಹುಡುಗನು ಅರ್ಧ ನಿಮಿಷಕ್ಕೊಂದು ಹಾಡನ್ನು ದಾಟಿ ಹೋಗುತ್ತಾನೆ, ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಗವಾಯಿಯ ಮುಂದೆ ಅವನು ಹೇಗೆ ಕುಳಿತಾನು? ಹೀಗಿದೆ ವಾದ. ಇದನ್ನು ನಾವು ಒಪ್ಪಲಾರೆವು. ಒಪ್ಪದಿರಲು ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಅದು ನಮ್ಮ ಸಾಂಗಲಿ ಜಿಲ್ಲೆಯ ಮಿರಜಿನಲ್ಲಿಯೇ ಇದೆ.

ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಮಿರಜನ್ನು ತಮ್ಮ ಊರನ್ನಾಗಿ ಮಾಡಿಕೊಂಡವರು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರು ಕೊನೆಗೆ ಸೇರಿದ್ದು ಮಿರಜಿನ ಮಣ್ಣನ್ನೇ. ಸಾವಕಾಶವಾದ ಆಲಾಪಕ್ಕೆ ಹೆಸರಾದ ಅವರ ಗಾಯನವು ಊರೂರನ್ನು ಮುಟ್ಟಿದ್ದು ಗ್ರಾಮೊಫೋನಿನ ತಟ್ಟೆಗಳ ಮೂಲಕ. ಅಂಥ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು 3 ನಿಮಿಷ, ಹೆಚ್ಚೆಂದರೆ ಮೂರೂವರೆ. ಗದಗಿನ ಬಾಲಕ ಭೀಮಸೇನ ಜೋಶಿಯವರು ಕೇಳಿ ಬೆರಗಾದದ್ದು ಇಂಥದೇ ಒಂದು ತಟ್ಟೆಗೆ. ಝಿಂಝೋಟಿ ರಾಗದ ಠುಮ್ರಿಗೆ. 1933ರಲ್ಲಿ, ತಮ್ಮ 11ನೆಯ ವಯಸ್ಸಿನಲ್ಲಿ, ಅವರು ಗುರುವನ್ನರಸಿ ಮನೆ ಬಿಟ್ಟರು. ಮೂರು ನಿಮಿಷದ ನಾದವು ಒಬ್ಬ ಹುಡುಗನನ್ನು ಊರು ಬಿಡಿಸಬಲ್ಲುದಾದರೆ, ಪುರಸೊತ್ತಿಲ್ಲವೆಂಬ ನೆಪವು ನಿಲ್ಲುವುದು ಕಷ್ಟ.

ಆದರೆ ಆ ಹುಡುಗನ ಕಿವಿಯು ಬರಿದಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಮನೆಯಲ್ಲಿ ತಾಯಿಯ ಭಜನೆಯ ಹಾಡು, ಬೀದಿಯಲ್ಲಿ ಭಜನಾಮೇಳ. ಇವು ಅದನ್ನು ಮೊದಲೇ ಹದಮಾಡಿದ್ದುವು. ಮಲ್ಲಿಕಾರ್ಜುನ ಮನಸೂರರು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಬಾಲನಟರು. ಮಿರಜಿನ ನೀಲಕಂಠಬುವಾ ಅವರು ಆ ಕಂಠವನ್ನು ಕೇಳಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಗದಗಿನ ಪಂಚಾಕ್ಷರಿ ಗವಾಯಿಗಳೂ ಈ ಬುವಾ ಅವರಲ್ಲಿಯೇ ಕಲಿತವರು. ನಾಟಕ, ಭಜನೆ, ಉರುಸು, ಜಾತ್ರೆ: ಈ ಸೀಮೆಯ ರಸಿಕನು ಬೆಳೆದದ್ದು ಇಂಥ ಎಡೆಗಳಲ್ಲಿ. ಖ್ಯಾಲದ ಹೆಸರನ್ನೇ ಅರಿಯದವನಿಗೂ ರಾಗದ ಪರಿಚಯವಾಗಿರುತ್ತಿತ್ತು. ಇಂದು ಕೊರತೆ ಬಿದ್ದಿರುವುದು ಈ ಪರಿಚಯಕ್ಕೆ. ಮೆಟ್ಟಿಲು ಮುರಿದ ಮೇಲೆ ಅಟ್ಟವನ್ನು ದೂರಿ ಫಲವೇನು?

ಆಜ್ಞೆಯಿಂದ ಇದು ಸರಿಹೋಗುವ ಮಾತಲ್ಲ. 1952ರ ನಂತರ ಸಚಿವ ಕೇಸಕರರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಟ್ಟು ಶಾಸ್ತ್ರೀಯ ಗಾಯನಕ್ಕೆ ಪ್ರಾಧಾನ್ಯವಿತ್ತರು. ಕೇಳುಗರು ರೇಡಿಯೋದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿಯು ಹುಟ್ಟಲೇಬೇಕಾಯಿತು.

ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯ ಹುಡುಗನಿಗೆ ಇನ್ನೊಂದು ಅಡ್ಡಿಯೂ ಉಂಟು. ಶಾಸ್ತ್ರೀಯ ಸಂಗೀತವೆಂದರೆ ಪುಣೆ-ಮುಂಬಯಿಗಳ ಉಳ್ಳವರ ಸೊತ್ತು ಎಂದು ಅವನು ತಿಳಿದಿದ್ದಾನೆ. ಗುಡ್ಡಾಪುರದ ದಾನಮ್ಮನ ಗುಡಿಗೆ ಹೋದಾಗ ಕಿವಿಗೆ ಬಿದ್ದ ಪದಕ್ಕೂ ಬೈಠಕ್ಕಿನ ಖ್ಯಾಲಕ್ಕೂ ಸಂಬಂಧವುಂಟೆಂದು ಅವನಿಗೆ ಯಾರೂ ಹೇಳಿಲ್ಲ. ನಮ್ಮ ನೆರೆಯ ಮಂಗಳವೇಢೆ-ಪಂಢರಪುರಗಳ ಕಡೆಯ ಹೊಲಗಳಲ್ಲಿ ಬೆಳೆದ ಸೋರೆಬುರುಡೆಯೇ ಮಿರಜಿನಲ್ಲಿ ತಂಬೂರಿಯಾಗುತ್ತದೆ. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅಂಗೈಯಗಲದ ವಿದ್ಯುತ್ ತಂಬೂರಿಯು ಬಂದು ಆ ಕುಶಲಕರ್ಮಿಗಳ ಗಿರಾಕಿಗಳನ್ನು ಕಡಿಮೆ ಮಾಡಿರುವ ಕಾಲದಲ್ಲಿ ಬಂದ ಮಾನ್ಯತೆಯಿದು. ನೆರೆಯ ಹೊಲದ ಬುರುಡೆ ನುಡಿಯುವ ಶ್ರುತಿಯನ್ನೇ ಪರದೇಶದ್ದೆಂದು ಬಗೆಯುವುದಕ್ಕಿಂತ ವಿಚಿತ್ರವುಂಟೆ?

ಈ ಹುಡುಗನಿಗೆ ಮೆಟ್ಟಿಲಾಗಬಲ್ಲ ಗಾಯನವು ಕನ್ನಡದಲ್ಲಿಯೇ ಇದೆ. ಮನಸೂರರು ಹಾಡಿದ ವಚನಗಳು, ಭೀಮಸೇನರು ಹಾಡಿದ ದಾಸರ ಪದಗಳು. ಇವನ್ನು ಕಛೇರಿಯ ಕೊನೆಗೆ ಕೊಡುವ ಎಲೆಯಡಿಕೆಯೆಂದು ಎಣಿಸುವ ಪಂಡಿತರಿದ್ದಾರೆ. ಸಾಹಿತ್ಯದವರ ಆಕ್ಷೇಪವು ಬೇರೆ: ವಚನವು ತಾಳಕ್ಕೆ ಒಗ್ಗದ ನುಡಿ, ರಾಗವು ಅದನ್ನು ನುಂಗಿಬಿಡುತ್ತದೆ ಎಂದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ವಚನಗಾಯನವೆಂಬ ಹೆಸರಿನಲ್ಲಿ ಹಾರ್ಮೋನಿಯಮ್ಮಿನ ಅಬ್ಬರದ ನಡುವೆ ಪದಗಳು ಪುಡಿಯಾಗುವುದನ್ನು ನಾವೂ ಕೇಳಿದ್ದೇವೆ. ಆದರೆ ಅಕ್ಕಮಹಾದೇವಿಯ ವಚನವನ್ನು ಮನಸೂರರು ಹಾಡುವಾಗ ಗಮನಿಸಿರಿ. ಅಕ್ಕನು ಗೆಳತಿಯನ್ನು ಕರೆಯುವ ಮಾತಿಗೆ ಅವರು ಮತ್ತೆ ಮತ್ತೆ ಮರಳುತ್ತಾರೆ. ಒಮ್ಮೆ ಅದು ಹೇಳಿಕೆ, ಒಮ್ಮೆ ಬೇಡಿಕೆ, ಒಮ್ಮೆ ತನಗೆ ತಾನೇ ಆಡಿಕೊಂಡ ಮಾತು. ತರಗತಿಯಲ್ಲಿ ಅರ್ಥವನ್ನು ಬರೆಯಿಸುವ ನಾವು ಆ ಮೂರನ್ನೂ ಒಟ್ಟಿಗೆ ತೋರಿಸಲಾರೆವು.

ಭೀಮಸೇನರ ವಿಷಯದಲ್ಲಿ ನಮ್ಮ ಗಡಿಯವರಿಗೆ ಬೇರೆಯವರಿಗಿಲ್ಲದ ಭಾಗ್ಯವೊಂದುಂಟು. ಅವರು ಪುರಂದರದಾಸರ ಪದವನ್ನೂ ಹಾಡಿದರು, ಮರಾಠಿ ಸಂತರ ಅಭಂಗವನ್ನೂ ಹಾಡಿದರು. ವಿಠ್ಠಲನೂ ಒಬ್ಬನೇ, ಕಂಠವೂ ಒಂದೇ. ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ನಮ್ಮ ಮಕ್ಕಳು ಎರಡನ್ನೂ ಅನುವಾದವಿಲ್ಲದೆ ಕೇಳಬಲ್ಲರು. ಬೆಂಗಳೂರಿನ ಕೇಳುಗನಿಗೆ ಇದರಲ್ಲಿ ಅರ್ಧವೇ ದಕ್ಕೀತು. ಈ ಸಿರಿಯನ್ನು ನಾವು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಆದರೆ ಪದ, ವಚನಗಳಲ್ಲಿಯೇ ನಿಂತುಬಿಡುವುದನ್ನೂ ನಾವು ಮೆಚ್ಚೆವು. ಮಾತಿನ ಆಸರೆಯನ್ನು ಬಿಟ್ಟು ಬರಿಯ ಆಕಾರದಲ್ಲಿ ಸ್ವರವು ಒಂದೊಂದಾಗಿ ತೆರೆದುಕೊಳ್ಳುವ ಸುಖವೇ ಬೇರೆ. ಅದಕ್ಕೆ ಕುಳಿತು ಕೇಳುವ ಅಭ್ಯಾಸವು ಬೇಕು. ಮೊದಲಲ್ಲಿ ಬೇಸರವೂ ಆದೀತು.

ಹೋದ ವರ್ಷ ಒಂಬತ್ತನೆಯ ತರಗತಿಯವರಿಗೆ ನಾವು ಮನಸೂರರ ವಚನವನ್ನು ಕೇಳಿಸಿ, ಅದರ ಬೆನ್ನಿಗೇ ಅವರದೊಂದು ಖ್ಯಾಲವನ್ನು ಹತ್ತು ನಿಮಿಷ ಕೇಳಿಸಿದೆವು. ವಚನಕ್ಕೆ ತರಗತಿಯು ಸುಮ್ಮನೆ ಕುಳಿತಿತ್ತು. ತಾನು ಬಂದಾಗ ಹಿಂದಿನ ಬೆಂಚಿನವರು ನಕ್ಕರು, ಗದರಿಸಬೇಕೆನಿಸಿದರೂ ಗದರಿಸಲಿಲ್ಲ. ಮರುವಾರ ಇಬ್ಬರು ಹುಡುಗಿಯರು ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ಆ ಎರಡನೇದು ಪೂರಾ ಕೇಳಸ್ತೀರೇನ್ರಿ?” ಎಂದರು. ಉಳಿದವರು ಯಾರೂ ಬರಲಿಲ್ಲ. ಅಂದು ಮಧ್ಯಾಹ್ನದ ಬಿಡುವಿನಲ್ಲಿ ಆ ಇಬ್ಬರಿಗೆ ಪೂರ್ತಿಯಾಗಿ ಕೇಳಿಸಿದೆವು.