ಉಪಕರಣವೂ ಮೂರ್ಛೆಯೂ

ಕಳೆದ ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮವನ್ನು ಕುರಿತು ನಮ್ಮೂರ ಬಸದಿಯಲ್ಲಿ ನಾಲ್ಕು ಮಾತು ಹೇಳಿ ಮನೆಗೆ ಬಂದಾಗ, ಪರ್ವಕ್ಕೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮಗನು ಒಂದು ಪ್ರಶ್ನೆ ಕೇಳಿದನು. "ದೊಡ್ಡಪ್ಪ, ಮುನಿಗಳಿಗೆ ಪಿಂಛಿ, ಕಮಂಡಲು, ಶಾಸ್ತ್ರ ಇವು ಉಪಕರಣಗಳೇ ಹೊರತು ಪರಿಗ್ರಹವಲ್ಲವೆಂದು ನೀವೇ ಹೇಳಿದಿರಿ. ದಿನವೂ ಹತ್ತು ಗಂಟೆ ನನ್ನ ಬೆರಳಿನ ಕೆಳಗಿರುವ ಕೀಲಿಮಣೆ ನನಗೆ ಉಪಕರಣವೋ ಪರಿಗ್ರಹವೋ?" ಅವನ ಕೋಣೆಯಲ್ಲಿ ಅಂಥವು ಏಳು ಇವೆಯೆಂದು ಅವನ ತಾಯಿ ನನಗೆ ಮೊದಲೇ ತಿಳಿಸಿದ್ದರು. ಏಳು ಎಂದ ಮೇಲೆ ಪರಿಗ್ರಹವೇ ಸರಿ ಎಂದು ನಗುತ್ತ ಹೇಳಿ ಎದ್ದುಹೋದೆ. ಉತ್ತರವು ಅಷ್ಟು ಸುಲಭವಾಗಿ ಬಂದುದರಿಂದಲೇ ಅದು ಸಾಲದೆಂದು ಆ ರಾತ್ರಿ ನನಗೆ ತೋರಿತು. ತರುವಾಯ ಎರಡು ಬಾರಿ ಬೆಂಗಳೂರಿಗೆ ಹೋದಾಗ ಆ ಏಳನ್ನೂ ಮುಂದಿಟ್ಟುಕೊಂಡು, ಒತ್ತಿ ನೋಡಿ, ಬಿಚ್ಚಿಸಿ ನೋಡಿ, ಅವನಿಂದ ಕೇಳಿ ತಿಳಿದು ಇದನ್ನು ಬರೆಯುತ್ತಿದ್ದೇನೆ. ಗಣಕಯಂತ್ರವೇ ಜೀವನೋಪಾಯವಾಗಿರುವ ತರುಣರು ನಮ್ಮ ಸಮಾಜದ ಅನೇಕ ಮನೆಗಳಲ್ಲಿದ್ದಾರೆ. ಅವರ ಈ ಹವ್ಯಾಸವನ್ನು ಆಟಿಕೆಯೆಂದು ತಳ್ಳಿಬಿಡುವುದು ಹಿರಿಯರಿಗೆ ಶೋಭೆಯಲ್ಲ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅಗ್ಗದ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಕೆಳಗೂ ಒಂದೇ ರಬ್ಬರಿನ ಹಾಳೆ ಹಾಸಿರುತ್ತದೆ; ಅದು ಸವೆದರೆ ಇಡೀ ಮಣೆಯೇ ಕಸದ ಬುಟ್ಟಿಗೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿಯೊಂದು ಕೀಲಿಗೂ ಪ್ರತ್ಯೇಕವಾದ ಸ್ವಿಚ್ಚು ಇದ್ದು, ಅದರೊಳಗೆ ಒಂದು ಲೋಹದ ಸ್ಪ್ರಿಂಗೂ ಒಂದು ಲೋಹದ ತೆಳುಪಟ್ಟಿಯೂ ಇರುತ್ತವೆ. ಅಮೆರಿಕದಲ್ಲಿ 1953ರಲ್ಲಿ ಆರಂಭವಾಗಿ ಮುಂದೆ ಜರ್ಮನಿಯಲ್ಲಿ ನೆಲೆಯೂರಿದ ಚೆರ್ರಿ ಸಂಸ್ಥೆಯು 1980ರ ದಶಕದಲ್ಲಿ ಹೊರತಂದ ಎಂ.ಎಕ್ಸ್. ಸ್ವಿಚ್ಚೇ ಇಂದಿನ ಹವ್ಯಾಸದ ತಾಯಿಬೇರು. ಕೀಲಿಯು ಕೆಳಗಿಳಿಯುವುದು ಒಟ್ಟು 4 ಮಿಲಿಮೀಟರ್. ಅದರಲ್ಲಿ 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರವು ದಾಖಲಾಗುತ್ತದೆ. ಕೆಂಪು ಬಣ್ಣದ್ದು ತಡೆಯಿಲ್ಲದೆ ಜಾರುತ್ತದೆ, ಕಂದು ಬಣ್ಣದ್ದು ನಡುವೆ ಒಂದು ಸಣ್ಣ ಉಬ್ಬನ್ನು ದಾಟಿದಂತೆ ಭಾಸವಾಗುತ್ತದೆ, ನೀಲಿಯದು ಟಕ್ಕೆಂದು ಸದ್ದು ಮಾಡುತ್ತದೆ. ಇದಕ್ಕಿಂತ ಭಿನ್ನವಾದ ಇನ್ನೊಂದು ಪರಂಪರೆ ಐ.ಬಿ.ಎಂ. ಸಂಸ್ಥೆಯದು. 1985ರ ಸುಮಾರಿಗೆ ಬಂದ ಅದರ 'ಮಾಡೆಲ್ ಎಂ' ಕೀಲಿಮಣೆಯಲ್ಲಿ ಒತ್ತಿದಾಗ ಸ್ಪ್ರಿಂಗೇ ಬಾಗಿ ಸದ್ದು ಮಾಡುತ್ತದೆ. ಎರಡು ಕಿಲೋಗ್ರಾಮಿಗೂ ಮೀರಿದ ಆ ಮಣೆಗಳಲ್ಲಿ ಎಷ್ಟೋ ಇಂದಿಗೂ ಕೆಲಸ ಮಾಡುತ್ತಿವೆ.

ನಮ್ಮ ವರ್ತಕ ಬಂಧುಗಳಿಗೆ ಇದು ಅಪರಿಚಿತವೂ ಅಲ್ಲ. ಚೆನ್ನೈಯ ಟಿ.ವಿ.ಎಸ್. ಎಲೆಕ್ಟ್ರಾನಿಕ್ಸ್ ಸಂಸ್ಥೆಯ 'ಗೋಲ್ಡ್' ಎಂಬ ಕೀಲಿಮಣೆಯನ್ನು ಬಿಲ್ಲು ಹಾಕುವ ಮೇಜಿನ ಮೇಲೆ ಕಾಣದವರು ಯಾರು? ಅದರಲ್ಲಿ ಬಹುಕಾಲ ಇದ್ದುದು ಇದೇ ಚೆರ್ರಿಯ ನೀಲಿ ಸ್ವಿಚ್ಚು. ನನ್ನ ಅಂಗಡಿಯಲ್ಲಿ ಅಂಥದೊಂದು ವರ್ಷಗಟ್ಟಲೆ ದುಡಿದಿದೆ. ಅದರ ಮೇಲೆ ಬೇಳೆಯ ಹುಡಿ, ಅರಿಸಿನ, ಬೆವರು ಎಲ್ಲವೂ ಬಿದ್ದಿವೆ. ಅದನ್ನು ಕುರಿತು ನಾವಾರೂ ಒಂದು ಮಾತನ್ನೂ ಆಡಿದವರಲ್ಲ. ನನ್ನ ತಮ್ಮನ ಮಗನು ಅದನ್ನು ಕಂಡು ಕಣ್ಣರಳಿಸಿದಾಗಲೇ ಅದಕ್ಕೊಂದು ಹೆಸರೂ ಕುಲವೂ ಉಂಟೆಂದು ನನಗೆ ತಿಳಿದುದು.

ಈ ಹವ್ಯಾಸದ ಮೂಲದಲ್ಲಿರುವ ವಿಚಾರವು ಅಪರಿಗ್ರಹಕ್ಕೆ ವಿರುದ್ಧವಾದುದಲ್ಲ ಎಂಬುದನ್ನು ಮೊದಲು ಒಪ್ಪಬೇಕು. ವಾಣಿಜ್ಯ ಓದಿದವನಾದ್ದರಿಂದ ಒಂದು ಲೆಕ್ಕ ಹಾಕಿ ನೋಡಿದೆ. ಚೆರ್ರಿ ಸ್ವಿಚ್ಚಿಗೆ ಮೊದಲು ಹೇಳುತ್ತಿದ್ದ ಆಯುಸ್ಸು 5 ಕೋಟಿ ಒತ್ತುಗಳು. ಒಬ್ಬನು ದಿನಕ್ಕೆ 10,000 ಬಾರಿ ಕೀಲಿ ಒತ್ತುವನೆಂದೂ ವರ್ಷಕ್ಕೆ 300 ದಿನ ದುಡಿಯುವನೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 30 ಲಕ್ಷ ಒತ್ತುಗಳಾದವು. ಎಲ್ಲಕ್ಕಿಂತ ಹೆಚ್ಚು ಸವೆಯುವುದು ಪದಗಳ ನಡುವೆ ತೆರಪು ಬಿಡುವ ಉದ್ದನೆಯ ಕೀಲಿ. ಅದರ ಪಾಲು ಆರರಲ್ಲಿ ಒಂದೆಂದರೂ ವರ್ಷಕ್ಕೆ 5 ಲಕ್ಷ. ಅಂದರೆ ಅತ್ಯಧಿಕವಾಗಿ ದುಡಿಯುವ ಸ್ವಿಚ್ಚು ಕೂಡ ನೂರು ವರ್ಷ ಬರಬೇಕು! ಕಾಗದದ ಮೇಲಿನ ಲೆಕ್ಕದಲ್ಲಿ ಅರ್ಧವನ್ನು ಕಳೆದರೂ ಒಬ್ಬ ಮನುಷ್ಯನ ದುಡಿಮೆಯ ಆಯುಷ್ಯಕ್ಕೆ ಒಂದೇ ಕೀಲಿಮಣೆ ಧಾರಾಳವಾಗಿ ಸಾಕು. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಎರಡು ವರ್ಷಕ್ಕೊಮ್ಮೆ ಎಸೆದು ಹೊಸದು ಕೊಳ್ಳುವ ಇಂದಿನ ರೂಢಿಗಿಂತ ಇದು ಶ್ರಾವಕನಿಗೆ ಎಷ್ಟೋ ಒಪ್ಪುವ ಮಾರ್ಗ.

ಜಪಾನಿನ ಗಣಕ ವಿದ್ವಾಂಸರಾದ ಈಇಚಿ ವಾಡಾ ಅವರು ಇದನ್ನು ಸೊಗಸಾಗಿ ಹೇಳಿದ್ದಾರೆ. ಅಮೆರಿಕದ ದನಗಾಹಿ ಸವಾರರು ಮರುಭೂಮಿಯ ದಾರಿಯಲ್ಲಿ ಕುದುರೆ ಸತ್ತರೆ ಅದನ್ನು ಅಲ್ಲಿಯೇ ಬಿಟ್ಟರೂ ಜೀನನ್ನು ಬಿಡುತ್ತಿರಲಿಲ್ಲವಂತೆ. ಗಣಕಯಂತ್ರವೆಂಬುದು ಕುದುರೆಯಂತೆ ಬಂದುಹೋಗುವಂಥದು, ಮೈಗೆ ಒಗ್ಗಿದ ಕೀಲಿಮಣೆ ಜೀನಿನಂತೆ ಬಾಳಿನುದ್ದಕ್ಕೂ ಉಳಿಯಬೇಕಾದುದು ಎಂಬುದು ಅವರ ಅಭಿಪ್ರಾಯ. ಆ ವಿಚಾರದಿಂದಲೇ 1996ರಲ್ಲಿ 'ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್' ಹುಟ್ಟಿತು. ಅನಾವಶ್ಯಕವೆನಿಸಿದ ಕೀಲಿಗಳನ್ನೆಲ್ಲ ತೆಗೆದುಹಾಕಿ ಸುಮಾರು ಅರವತ್ತಕ್ಕೆ ಇಳಿಸಿದ ಪುಟ್ಟ ಮಣೆ ಅದು. (ಸತ್ತ ಪ್ರಾಣಿಯನ್ನು ಬಳಕೆಯ ಸಾಮಗ್ರಿಯೆಂದು ಎಣಿಸುವ ಹೋಲಿಕೆ ನಮ್ಮ ಕಿವಿಗೆ ಹಿತವಲ್ಲ, ಆದರೂ ಅಭಿಪ್ರಾಯ ಸ್ಪಷ್ಟವಾಗಿದೆ.) ಆ ಏಳರಲ್ಲಿ ನನ್ನ ಮನಸ್ಸಿಗೆ ಹಿಡಿಸಿದುದು ಇದೊಂದೇ. ಅದರಲ್ಲಿ ಮೆರೆಯುವ ಗುಣವಿಲ್ಲ. ಕಡಿಮೆ ಮಾಡುವುದನ್ನೇ ಕುಶಲತೆಯೆಂದು ತಿಳಿದವನ ಕೈಯ ಕೆಲಸ ಅದು.

ಹಾಗಾದರೆ ಒಂದು ಜೀನು ಏಳು ಹೇಗಾಯಿತು?

ಚೆರ್ರಿಯ ಮೂಲ ಪೇಟೆಂಟಿನ ಅವಧಿಯು ತೀರಿ, 2010ರ ದಶಕದಲ್ಲಿ ಗೇಟೆರಾನ್, ಕೈಲ್ ಮೊದಲಾದ ಚೀನಾದ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಮಾಡತೊಡಗಿದರು. ಸ್ವಿಚ್ಚಿನ ಅಳತೆ ಒಂದೇ ಆದುದರಿಂದ ಒಂದರದನ್ನು ಇನ್ನೊಂದಕ್ಕೆ ಹಾಕಬಹುದು. ದುರಸ್ತಿಗೆ ಅನುಕೂಲವಾಗಬೇಕಿದ್ದ ಈ ಗುಣವೇ ಕೊಳ್ಳುವಿಕೆಗೆ ಕಾಲುವೆಯಾಯಿತು. ಕೀಲಿಗಳ ಮೇಲಣ ಅಕ್ಷರದ ಟೋಪಿಗಳು ಬಣ್ಣಬಣ್ಣದ ಜೊತೆಗಳಾಗಿ ಬಂದವು. ಜರ್ಮನಿಯ ಜಿ.ಎಂ.ಕೆ. ಸಂಸ್ಥೆಯು ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ದು ಮಾಡುವ ಟೋಪಿಗಳಲ್ಲಿ ಅಕ್ಷರವು ಎಂದಿಗೂ ಅಳಿಸಿಹೋಗುವುದಿಲ್ಲ. ಕೆಲಸಗಾರಿಕೆ ನಿಜವಾಗಿಯೂ ಉತ್ತಮ. ಆದರೆ ಅಳಿಸದ ಅಕ್ಷರವುಳ್ಳ ಟೋಪಿ ಒಂದು ಜೊತೆ ಇದ್ದರೆ ಎರಡನೆಯದು ಏಕೆ? ಬಣ್ಣಕ್ಕಾಗಿ. ಆಮೇಲೆ ಸದ್ದಿಗಾಗಿ. ಸ್ವಿಚ್ಚು ಕೂರುವ ತಗಡು ಹಿತ್ತಾಳೆಯದಾದರೆ ಒಂದು ನಾದ, ಅಲ್ಯೂಮಿನಿಯಮ್ಮಿನದಾದರೆ ಇನ್ನೊಂದು, ಪ್ಲಾಸ್ಟಿಕ್ಕಿನದಾದರೆ ಮತ್ತೊಂದು. ತುಂಬಿದ ಗಂಭೀರ ಸದ್ದನ್ನು ಅವರು 'ಥಾಕ್' ಎನ್ನುತ್ತಾರೆ. ಅದರ ಧ್ವನಿಮುದ್ರಿಕೆಗಳನ್ನು ಪರಸ್ಪರ ಕೇಳಿಸಿಕೊಂಡು ತಲೆದೂಗುತ್ತಾರೆ. ಇಲ್ಲಿ ಬರೆಯುವ ವಸ್ತುವಿನ ಸುದ್ದಿಯೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಸದ್ದು ಕೇಳಿಸಲೆಂದು ಅವರು ಒತ್ತುವ ಅಕ್ಷರಗಳಿಗೆ ಅರ್ಥವಿರಬೇಕಾದ ಅಗತ್ಯವೂ ಇಲ್ಲ.

ವ್ಯಾಪಾರದ ದೃಷ್ಟಿಯಿಂದ ನನ್ನನ್ನು ಚಕಿತಗೊಳಿಸಿದುದು 'ಗ್ರೂಪ್ ಬೈ' ಎಂಬ ಪದ್ಧತಿ. ವಿನ್ಯಾಸಕಾರನು ಚಿತ್ರವನ್ನು ಮಾತ್ರ ತೋರಿಸುತ್ತಾನೆ. ಬೇಕಾದವರು ಪೂರ್ತಿ ಹಣವನ್ನು ಮೊದಲೇ ಕೊಡುತ್ತಾರೆ. ಕಾರ್ಖಾನೆ ಕೇಳುವ ಕನಿಷ್ಠ ಸಂಖ್ಯೆ ತುಂಬಿದ ಮೇಲೆ ತಯಾರಿಕೆ ಆರಂಭ; ವಸ್ತು ಕೈಸೇರಲು ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ. ಇದರ ನಿಜ ಸ್ವರೂಪವೇನು? ಗಿರಾಕಿಯೇ ಬಡ್ಡಿಯಿಲ್ಲದ ಬಂಡವಾಳಗಾರ. ನಷ್ಟದ ಹೊಣೆಯೂ ಅವನದೇ. ಲಾಭ ಮಾತ್ರ ಮಾರುವವನದು. ಇಂಥ ಮುಂಗಡವು ಪ್ರಾಮಾಣಿಕನ ಕೈಯಲ್ಲಿ ಸಹಕಾರ. ಒಬ್ಬರ ಮುಂಗಡದಿಂದ ಇನ್ನೊಬ್ಬರ ಬಾಕಿ ತೀರಿಸುವವನ ಕೈಯಲ್ಲಿ ಅಸ್ತೇಯ ವ್ರತಕ್ಕೆ ಭಂಗ. 2020ರ ಅನಂತರದ ವರ್ಷಗಳಲ್ಲಿ ವಿದೇಶದ ಕೆಲವು ಮಾರಾಟಗಾರರು ಹೀಗೆ ಮುಂಗಡ ಪಡೆದು ಬಾಗಿಲು ಮುಚ್ಚಿದರು. ನನ್ನ ತಮ್ಮನ ಮಗನೂ ಒಂದು ಜೊತೆ ಟೋಪಿಗಳಿಗೆ ಕೊಟ್ಟ ಹಣವನ್ನು ಕಳೆದುಕೊಂಡನು. "ಹಣ ಹೋದದ್ದು ಹೋಗಲಿ ದೊಡ್ಡಪ್ಪ, ಎರಡು ವರ್ಷ ದಿನವೂ ಅದನ್ನೇ ನೆನೆಸಿಕೊಂಡೆನಲ್ಲ" ಎಂದು ಅವನೇ ಹೇಳಿದನು. ಅಂಗಡಿಯ ಲೆಕ್ಕದಲ್ಲಿ ಕಾಣದ ನಷ್ಟ ಅದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು, ಅಂದರೆ ಮಮತ್ವದ ಮರವೆಯನ್ನು, ಹೆಸರಿಸಿದರು. ಕೈಗೆ ಬಾರದ ವಸ್ತುವೂ ಪರಿಗ್ರಹವಾಗಬಲ್ಲುದೆಂಬುದಕ್ಕೆ ಆ ಎರಡು ವರ್ಷಗಳಿಗಿಂತ ಬೇರೆ ದೃಷ್ಟಾಂತ ಬೇಡ. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ನಿದಾನವೆಂಬುದು ಮುಂದೆ ಬರಬೇಕಾದ ಭೋಗವನ್ನು ಕುರಿತ ಹಂಬಲ. ತಿಂಗಳು ತಿಂಗಳೂ ಸಾಗಣೆಯ ಸುದ್ದಿಗಾಗಿ ಕಾಯುವವನ ಮನಸ್ಸಿಗೆ ಇದಕ್ಕಿಂತ ಸರಿಯಾದ ಹೆಸರನ್ನು ನಾನು ಕಾಣೆ.

ಇಲ್ಲಿ ಹವ್ಯಾಸಿಗಳು ಒಂದು ಸಮರ್ಥನೆ ಹೇಳುವುದುಂಟು. ಎಪ್ಪತ್ತು ಎಂಬತ್ತು ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ, ಸ್ಪ್ರಿಂಗು, ಕಡ್ಡಿ, ಮೇಲುಭಾಗ, ಕೆಳಭಾಗವೆಂದು ಬೇರ್ಪಡಿಸಿ, ಸಣ್ಣ ಕುಂಚದಿಂದ ತೆಳುವಾಗಿ ಗ್ರೀಸ್ ಹಚ್ಚಿ ಮತ್ತೆ ಜೋಡಿಸುವ ಕೆಲಸದಲ್ಲಿ ಮನಸ್ಸು ಏಕಾಗ್ರವಾಗುತ್ತದೆ, ಅದೂ ಒಂದು ಧ್ಯಾನವೇ ಎನ್ನುತ್ತಾರೆ. ಅವನು ಹಾಗೆ ಕುಳಿತುದನ್ನು ನಾನು ನೋಡಿದ್ದೇನೆ. ಅಷ್ಟು ತಾಳ್ಮೆ ನಮ್ಮ ಸಾಮಾಯಿಕದಲ್ಲಿ ಇದೆಯೇ ಎಂದು ನಾಚಿಕೆಯೂ ಆಯಿತು. ಆದರೆ ಜೈನಶಾಸ್ತ್ರವು ಏಕಾಗ್ರತೆಯೊಂದನ್ನೇ ಪುಣ್ಯವೆಂದು ಎಣಿಸಲಿಲ್ಲ. ಆರ್ತವೂ ರೌದ್ರವೂ ಧ್ಯಾನಗಳೇ. ಚಿತ್ತವು ಯಾವುದರಲ್ಲಿ ನಿಂತಿದೆ, ನಿಂತು ಏನಾಗುತ್ತಿದೆ ಎಂಬುದೇ ಪ್ರಶ್ನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವರು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವುಗಳಲ್ಲಿ ವಿಸ್ಮಯ, ಅಂದರೆ ಪರರ ಐಶ್ವರ್ಯವನ್ನು ಕಂಡು ಬೆರಗಾಗುವುದು, ಏಕೆ ದೋಷವೆಂಬುದು ನನಗೆ ಬಹುಕಾಲ ಸರಿಯಾಗಿ ಮನಗಂಡಿರಲಿಲ್ಲ. ಬೆರಗು ಒಂದು ನಿರಪರಾಧಿ ಭಾವವಲ್ಲವೇ? ಈ ಹವ್ಯಾಸದ ಸಮುದಾಯವನ್ನು ನೋಡಿದ ಮೇಲೆ ಅದು ಲೋಭಕ್ಕಿಂತ ಮುಂಚೆ ಬಂದಿರುವುದರ ಔಚಿತ್ಯ ತಿಳಿಯಿತು. ಅಲ್ಲಿ ಯಾರೂ ಯಾರನ್ನೂ ವಂಚಿಸಬೇಕಾಗಿಲ್ಲ, ಒತ್ತಾಯಿಸಬೇಕಾಗಿಲ್ಲ. ಒಬ್ಬನು ತನ್ನ ಹೊಸ ಕೀಲಿಮಣೆಯ ಚಿತ್ರ ತೋರಿಸುತ್ತಾನೆ. ನೂರು ಮಂದಿ ಬೆರಗಾಗುತ್ತಾರೆ. ತಮ್ಮಲ್ಲಿರುವುದು ಆ ಕ್ಷಣದಲ್ಲಿ ಸಪ್ಪೆಯಾಗುತ್ತದೆ. ಇನ್ನು ಮುಂದೆ ಬೇರೊಂದು ಬೇಡವೆನಿಸುವ ಕೊನೆಯ ಕೀಲಿಮಣೆಗೆ ಅವರು 'ಎಂಡ್‌ಗೇಮ್' ಎನ್ನುತ್ತಾರೆ. ಅದು ಎಂದಿಗೂ ಬರುವುದಿಲ್ಲವೆಂಬುದೇ ಅವರೊಳಗಿನ ವಿನೋದ. ತಮ್ಮ ತೃಷ್ಣೆಯನ್ನು ತಾವೇ ಬಲ್ಲರು, ಬಲ್ಲರೆಂದು ನಗುತ್ತಾರೆ, ನಕ್ಕು ಕೊಳ್ಳುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಏಕಾಂತವಾದವಾದೀತು. ಇದೇ ಜನರಲ್ಲಿ ದಾನಗುಣವೂ ಇದೆ. ಕೀಲಿಮಣೆಯನ್ನು ನಡೆಸುವ ಕ್ಯೂ.ಎಂ.ಕೆ. ಎಂಬ ತಂತ್ರಾಂಶವನ್ನು ಅನೇಕರು ಕೂಡಿ ಬರೆದು ಯಾರು ಬೇಕಾದರೂ ಬಳಸಲು, ತಿದ್ದಲು ಬಿಟ್ಟಿದ್ದಾರೆ. ಎರಡು ಹೋಳಾಗಿ ಭುಜದ ಅಗಲಕ್ಕೆ ಇಡಬಹುದಾದ ಮಣೆಗಳ ನಕ್ಷೆಗಳನ್ನೂ ಹಾಗೆಯೇ ಹಂಚಿದ್ದಾರೆ. ಮಣಿಕಟ್ಟಿನ ನೋವಿನಿಂದ ಈ ಹವ್ಯಾಸಕ್ಕೆ ಬಂದವರೂ ಇದ್ದಾರೆ. ಅವರಿಗೆ ಅದು ಔಷಧ. ತಿಳಿದುದನ್ನು ಮುಚ್ಚಿಡದಿರುವ ಈ ಗುಣವು, ಹಸ್ತಪ್ರತಿಗಳನ್ನು ಬೀಗ ಹಾಕಿಡುವ ನಮ್ಮ ಕೆಲವು ಟ್ರಸ್ಟುಗಳಿಗೂ ಬಂದರೆ ಚೆನ್ನಾಗಿತ್ತು.

ಕೀಲಿಮಣೆಯ ಸುಧಾರಣೆಯೆಂದರೆ ಏನೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಯನ್ನು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಕೀಲಿಗಳಲ್ಲೇ ಧ್ವನಿಗೆ ಅನುಸಾರವಾಗಿ ಹೊಂದಿಸಿಕೊಟ್ಟರು. ಸರ್ಕಾರವೂ ಅದನ್ನು ಅಂಗೀಕರಿಸಿತು, 'ನುಡಿ' ತಂತ್ರಾಂಶವೂ ಅದನ್ನು ಅನುಸರಿಸಿತು. ಮಣೆ ಅದೇ, ಸ್ವಿಚ್ಚು ಅದೇ, ಟೋಪಿಯೂ ಅದೇ. ಕೊಳ್ಳಬೇಕಾದುದು ಏನೂ ಇಲ್ಲ. ಬದಲಾದುದು ವ್ಯವಸ್ಥೆ ಮಾತ್ರ. ಅದರಿಂದ ಎಷ್ಟು ಪುಟಗಳು ಹೊರಬಂದವು ಎಂಬುದನ್ನು ಕನ್ನಡದ ಯಾವ ಅಚ್ಚುಕೂಟದವರನ್ನು ಕೇಳಿದರೂ ಹೇಳಿಯಾರು.

ನನ್ನ ತಮ್ಮನ ಮಗನಿಗೆ ಈಗ ನಾನು ಕೊಡುವ ಉತ್ತರ ಹೀಗಿದೆ. ಪಿಂಛಿಯು ಉಪಕರಣವಾಗುವುದು ಅದು ಜೀವರಕ್ಷಣೆಯಲ್ಲಿ ತೊಡಗಿರುವಷ್ಟು ಕಾಲ. ನವಿಲುಗರಿಯ ಅಂದವನ್ನು ನೋಡುತ್ತ ಕುಳಿತರೆ ಅದೂ ಮೂರ್ಛೆಯೇ. ನೀನು ಬರೆಯುವ ಒಂದು ಮಣೆ ಉಪಕರಣ. ಉಳಿದ ಆರನ್ನು ನೀನು ಬರೆಯಲು ಬಳಸುತ್ತಿಲ್ಲ, ಅವನ್ನು ಕುರಿತು ಬರೆಯುತ್ತಿದ್ದೀಯೆ.

ಇದನ್ನು ಅವನಿಗೆ ಓದಿ ಹೇಳಿದಾಗ ಅವನು ತುಸು ಹೊತ್ತು ಸುಮ್ಮನಿದ್ದು, "ದೊಡ್ಡಪ್ಪ, ನಿಮ್ಮ ಬೀರುವಿನಲ್ಲಿ ರತ್ನಕರಂಡಕದ ಎಷ್ಟು ಮುದ್ರಣಗಳಿವೆ?" ಎಂದನು. ಎದ್ದು ನೋಡಿದೆ. ಐದು ಇದ್ದವು. ಒಂದರ ಹಾಳೆಗಳ ಅಂಚನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ. ಎರಡನ್ನು ಬಸದಿಯ ಪುಸ್ತಕ ಭಂಡಾರಕ್ಕೆ ಕೊಟ್ಟಿದ್ದೇನೆ. ಅಂಚು ಕತ್ತರಿಸದಿದ್ದುದನ್ನು ಈಗ ಓದುತ್ತಿದ್ದೇನೆ. ಅವನು ಬಸದಿಯ ಹಳೆಯ ದಾನಪಟ್ಟಿಗಳನ್ನು ಬೆರಳಚ್ಚು ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದಾನೆ. ಯಾವ ಕೀಲಿಮಣೆಯನ್ನು ತರುವುದೆಂದು ಇನ್ನೂ ತೀರ್ಮಾನವಾಗಿಲ್ಲವಂತೆ.